ಕಿವಿಯ ಉಪವಾಸ

ಉಪವಾಸದ ದಿನ ಗಾನವೊಂದು ಕಿವಿಗೆ ಬಿದ್ದು ಕಣ್ಣು ತುಂಬಿ ಬಂದರೆ ವ್ರತಕ್ಕೆ ಕುಂದುಂಟೇ? ಶ್ರಾವಕ ಗೃಹಗಳಲ್ಲಿ ಏಳುವ ಸಹಜವಾದ ಪ್ರಶ್ನೆಯಿದು. ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ನಮಗೆ ದಶಲಕ್ಷಣ ಪರ್ವ. ಬೀದಿಗಳಲ್ಲಿ ಗಣೇಶೋತ್ಸವ ನಡೆಯುವುದೂ ಅದೇ ದಿನಗಳಲ್ಲಿ. ಬೆಂಗಳೂರಿನ ಹೊಸಹಳ್ಳಿಯಂತಹ ಒತ್ತಾದ ಬಡಾವಣೆಯಲ್ಲಿ ಅನ್ನಪಾನಗಳನ್ನು ತೊರೆದು ಕುಳಿತವರು ಬಾಯಿಗೆ ಕಟ್ಟು ಹಾಕಬಲ್ಲರು; ಚಪ್ಪರದ ಹಾಡಿಗೆ ಕಿವಿ ಮುಚ್ಚುವುದು ಹೇಗೆ?

ಪ್ರಶ್ನೆ ಹಗುರವಾದುದಲ್ಲ. ತತ್ತ್ವಾರ್ಥಸೂತ್ರದ ೭ನೆಯ ಅಧ್ಯಾಯಕ್ಕೆ ಟೀಕೆ ಬರೆಯುತ್ತ ಪೂಜ್ಯಪಾದಾಚಾರ್ಯರು, ಶಬ್ದವೇ ಮೊದಲಾದ ವಿಷಯಗಳಲ್ಲಿ ಔತ್ಸುಕ್ಯವನ್ನು ಬಿಟ್ಟು ಐದು ಇಂದ್ರಿಯಗಳೂ ಬಂದು ನೆಲೆಸುವುದೇ ಉಪವಾಸವೆಂದು ವಿವರಿಸಿ, ಅನಂತರ ಚತುರ್ವಿಧಾಹಾರದ ತ್ಯಾಗವನ್ನು ಹೇಳುತ್ತಾರೆ. ಅಂದಮೇಲೆ ಕಿವಿಗೂ ಉಪವಾಸವುಂಟು. ಅದೂ ಅಲ್ಲದೆ ೬ನೆಯ ಅಧ್ಯಾಯವು ಶೋಕವನ್ನೂ ಆಕ್ರಂದನವನ್ನೂ ಅಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣವೆಂದು ಎಣಿಸಿದೆ.

ಆದರೆ ಅದೇ ಟೀಕೆ ದುಃಖವನ್ನು ಹೊರಗಿನಿಂದ ಅಳೆಯುವುದಿಲ್ಲ. ಒಳಗೆ ಕ್ರೋಧಾದಿಗಳ ಆವೇಶವಿದೆಯೇ ಎಂದು ನೋಡುತ್ತದೆ. ಕರುಣೆಯಿಂದ ಹುಣ್ಣು ಕೊಯ್ಯುವ ವೈದ್ಯನಿಗೆ ಪಾಪವಿಲ್ಲ. ಆಸ್ರವಕ್ಕೆ ಭಾವವೇ ಪ್ರಮಾಣವಾದರೆ, ಕಣ್ಣೀರಿನ ವಿಚಾರದಲ್ಲಿಯೂ ನೋಡಬೇಕಾದುದು ಹನಿಯನ್ನಲ್ಲ, ಅದರ ಹಿಂದಿನ ಭಾವವನ್ನು.

ನಮ್ಮ ಕಾವ್ಯಗಳಲ್ಲಿ ಇದಕ್ಕೆ ಎರಡು ನಿದರ್ಶನಗಳಿವೆ. ಜನ್ನನ ‘ಯಶೋಧರ ಚರಿತೆ’ಯಲ್ಲಿ (ಕ್ರಿ.ಶ. ೧೨೦೯) ರಾಣಿ ಅಮೃತಮತಿ ಮಾವಟಿಗನೊಬ್ಬನ ಗಾನವನ್ನು ಕೇಳಿ ಮನಸೋಲುತ್ತಾಳೆ. ಆತ ಕುರೂಪಿಯೆಂದು ದೂತಿ ತಿಳಿಸಿದರೂ ಆಕೆಯ ಮನಸ್ಸು ಹಿಂದೆಗೆಯದು. ಕಡೆಗೆ ಗಂಡನಿಗೂ ಅತ್ತೆಗೂ ವಿಷವಿಕ್ಕುವವರೆಗೆ ಹೋಗುತ್ತದೆ. ಪಂಪನ ‘ಆದಿಪುರಾಣ’ದಲ್ಲಿಯಾದರೋ ವೃಷಭದೇವನ ಮುಂದೆ ನೀಲಾಂಜನೆ ನರ್ತಿಸುತ್ತಿರುವಾಗಲೇ ಅವಳ ಆಯುಷ್ಯ ತೀರುತ್ತದೆ. ರಸಭಂಗವಾಗದಂತೆ ಇಂದ್ರನು ಅವಳಂತೆಯೇ ಇರುವ ಇನ್ನೊಬ್ಬಳನ್ನು ನಿಲ್ಲಿಸುತ್ತಾನೆ. ಸಭೆಗೆ ಅದು ತಿಳಿಯದು. ದೇವನಿಗೆ ತಿಳಿಯುತ್ತದೆ, ವೈರಾಗ್ಯ ಮೂಡುತ್ತದೆ. ಅಮೃತಮತಿ ಗಾನದಿಂದ ಗಾಯಕನನ್ನು ಬಯಸಿದಳು. ವೃಷಭದೇವ ನೃತ್ಯದಲ್ಲಿ ಅನಿತ್ಯವನ್ನು ಕಂಡ. ಕಲೆಯೇ ಬಂಧನವಾಗಿದ್ದರೆ ಎರಡನೆಯದು ಸಂಭವಿಸುತ್ತಿರಲಿಲ್ಲ. ಕಲೆಯೇ ಮುಕ್ತಿಮಾರ್ಗವಾಗಿದ್ದರೆ ಮೊದಲನೆಯದು ಸಂಭವಿಸುತ್ತಿರಲಿಲ್ಲ.

ಆದುದರಿಂದ ಕರೆಯದೆ ಬಂದ ಹಾಡಿಗೆ ಕರೆಯದೆ ಬಂದ ಕಣ್ಣೀರು ವ್ರತಭಂಗವಲ್ಲ. ಅಲ್ಲಿ ಔತ್ಸುಕ್ಯವಿನ್ನೂ ಹುಟ್ಟಿಲ್ಲ. ಹಾಡು ಮುಗಿದ ಮೇಲೆ ‘ಇನ್ನೊಮ್ಮೆ ಕೇಳಬೇಕು’ ಎಂದು ಮನಸ್ಸು ಕಿಟಕಿಯ ಬಳಿಗೆ ಹೋದಾಗ ಅದು ಹುಟ್ಟುತ್ತದೆ. ಕಿವಿಯ ಪಾರಣೆ ಆಗಲೇ ಆಗಿಹೋಗುತ್ತದೆ. ಅಳುವಿನಲ್ಲಿಯೇ ಒಂದು ಸುಖವುಂಟು. ಆ ಸುಖಕ್ಕಾಗಿ ಅಳುವುದೂ ವಿಷಯಾಸಕ್ತಿಯೇ. ವ್ರತಿಗಳು ಎಚ್ಚರವಿರಬೇಕಾದುದು ಇಲ್ಲಿ.

ಮನೆಯ ಹಿರಿಯರು ಅತ್ತವರನ್ನು ಗದರಿಸುವುದು ಬೇಡ. ಒಂದು ಮುಹೂರ್ತ, ಎಂದರೆ ೪೮ ನಿಮಿಷ, ಸಾಮಾಯಿಕಕ್ಕೆ ಕುಳಿತುಕೊಳ್ಳಲು ಹೇಳಲಿ. ಅದು ಮುಗಿದಾಗ ಯಾರ ಮೇಲೋ ಇದ್ದ ಕೋಪ ಇಳಿದಿದ್ದರೆ, ಜೀವಗಳಲ್ಲಿ ಅನುಕಂಪೆ ಹೆಚ್ಚಿದ್ದರೆ ಆ ಕಣ್ಣೀರು ವ್ರತಕ್ಕೆ ನೆರವೇ ಆಯಿತು. ರಾಗದ ನೆನಪಷ್ಟೇ ಉಳಿದಿದ್ದರೆ, ಮರುದಿನ ಕಿವಿಗೆ ಇನ್ನಷ್ಟು ಸಂಯಮ ಬೇಕೆಂದು ತಿಳಿಯತಕ್ಕದ್ದು.