ಎದೆಹಾಲಿನ ವಿಷ ಯಾರ ಕರ್ಮ?



ಕಾಸರಗೋಡಿನ ಪಡ್ರೆ ಕಡೆಯ ಗೇರು ತೋಟಗಳ ಮೇಲೆ 2000ನೇ ಇಸವಿಯವರೆಗೆ, ಸುಮಾರು ಇಪ್ಪತ್ತೈದು ವರ್ಷ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಕೆಳಗಿನ ಊರುಗಳಲ್ಲಿ ಕೈಕಾಲು ಸೊಟ್ಟಗಿದ್ದ, ಮಾತು ಬಾರದ ಮಕ್ಕಳು ಹುಟ್ಟಿದರು. ಅದು ದೈವದ ಶಾಪವೆಂದು ನಂಬಿದವರಿದ್ದರು. ಶಾಪ, ಹಿಂದಿನ ಜನ್ಮದ ಕರ್ಮ... ನಮ್ಮ ಅಜ್ಜ-ಮುತ್ತಜ್ಜರಿಗೂ ಹೇಳಿದ್ದು ಇದನ್ನೇ ಅಲ್ಲವೇ?

ಇಂಥ ವಿಷಗಳು ಬಿಸಿಲಿಗೆ ಆವಿಯಾಗಿ, ಗಾಳಿಯಲ್ಲಿ ತೇಲಿ, ಚಳಿಯ ನಾಡಿನಲ್ಲಿ ಇಳಿಯುತ್ತವೆ. ಎಂಡೋಸಲ್ಫಾನ್ ಉತ್ತರ ಧ್ರುವದ ಗಾಳಿಯಲ್ಲೂ ಸಿಕ್ಕಿದೆ. ಕಾರ್ಖಾನೆಗಳ ಪಿಸಿಬಿ ಎಂಬ ವಿಷವಂತೂ ಕೊಬ್ಬಿನಲ್ಲಿ ಕೂತರೆ ಏಳುವುದಿಲ್ಲ. ಮೀನಿನಿಂದ ಸೀಲಿಗೆ, ಸೀಲಿನಿಂದ ಹಿಮಕರಡಿಗೆ ಏರುತ್ತ ದಟ್ಟವಾಗುತ್ತದೆ. ಸೀಲು, ತಿಮಿಂಗಿಲ ತಿಂದು ಬದುಕುವ ಕೆನಡಾದ ಇನ್ಯೂಟ್ ತಾಯಂದಿರ ಎದೆಹಾಲಿನಲ್ಲಿ 1980ರ ದಶಕದಲ್ಲಿ ಅದು ದಕ್ಷಿಣದ ತಾಯಂದಿರಿಗಿಂತ ಸುಮಾರು 5 ಪಟ್ಟು ಕಂಡಿತು. ಆ ಕೂಸು ಯಾವ ಜನ್ಮದಲ್ಲಿ ಏನು ಮಾಡಿತ್ತು?

ಪೂರ್ವಜನ್ಮದ ಕರ್ಮವೆಂಬ ಮಾತು ಬಡವರ ಪಾಡಿನ ಹೊಣೆಯಿಂದ ಸಮಾಜ ಜಾರಿಕೊಳ್ಳುವ ದಾರಿ ಎಂದು ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ತೋರಿಸಿದ್ದಾರೆ. ಕಾಸರಗೋಡಿನ ಜನ ಕಾರಣ ಹುಡುಕಿದರು, ಹೋರಾಡಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ನಿಷೇಧಿಸಿತು. ಉಪಾಸಕರಿಗೆ ಭಗವಾನ್ ಬುದ್ಧರು ಬೇಡವೆಂದ ಐದು ವ್ಯಾಪಾರಗಳಲ್ಲಿ ವಿಷದ ವ್ಯಾಪಾರವೂ ಒಂದು.

ಹುನಗುಂದ, ಇಳಕಲ್ಲ ಕಡೆಯ ಎರಿ ಹೊಲಗಳಿಗೆ ಕೂಲಿ ಮೇಲೆ ಎಣ್ಣಿ ಹೊಡೆಯಲು ಹೋಗುವವರು ನಮ್ಮಲ್ಲೂ ಇದ್ದಾರೆ. ಮೂಗಿಗೆ ಬಟ್ಟೆ, ಕೈಗವಸು ಕೇಳಿ ಪಡೆಯಿರಿ, ಸಂಕೋಚ ಬೇಡ. ಎಣ್ಣಿಯ ಖಾಲಿ ಡಬ್ಬಿ ತೊಳೆದು ಮನೆಯಲ್ಲಿ ನೀರಿಗೆ ಇಟ್ಟುಕೊಂಡಿದ್ದರೆ ಇವತ್ತೇ ತೂತು ಹಾಕಿಬಿಡಿ.

ಭವತು ಸಬ್ಬ ಮಂಗಲಂ.