ಪಾರಿವಾಳವೂ ಸಾಕುವವನ ಧರ್ಮವೂ

ಕೊಲ್ಲದಿರುವುದು ಪ್ರಾಣಿದಯೆಯ ಮೊದಲನೆಯ ಮೆಟ್ಟಿಲು; ಸಾಕುವುದು ಅದಕ್ಕಿಂತ ಕಷ್ಟತರವಾದ ಧರ್ಮ. ಕೊಲ್ಲಲೊಲ್ಲದವನು ಕೈಯನ್ನು ತಡೆದರಾಯಿತು. ಸಾಕುವವನಾದರೋ ತನ್ನ ಮನಸ್ಸನ್ನು ದಿನವೂ ಪರೀಕ್ಷಿಸಿಕೊಳ್ಳಬೇಕು. ತಾನು ಸಾಕುತ್ತಿರುವುದು ಪ್ರಾಣಿಯ ಹಿತಕ್ಕಾಗಿಯೋ, ತನ್ನ ವಿನೋದಕ್ಕಾಗಿಯೋ? ಈ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ಪಾರಿವಾಳವು ತಕ್ಕ ಉದಾಹರಣೆಯಾಗಿದೆ.

ಕುಂದಾಪುರದ ದಕ್ಷಿಣಕ್ಕೆ, ಹೆದ್ದಾರಿಯ ಮೇಲಿರುವ ತೆಕ್ಕಟ್ಟೆಯಲ್ಲಿ ಬಾಲಕನೊಬ್ಬನು ಒಂದು ಜೋಡಿ ಪಾರಿವಾಳಗಳನ್ನು ಕೊಂಡು ತಂದನೆಂದಿಟ್ಟುಕೊಳ್ಳಬಹುದು. ಕೂಡಲೆ ಬಿಟ್ಟರೆ ಅವು ಹಳೆಯ ಗೂಡಿಗೆ ಹಾರಿಹೋದಾವೆಂದು ತಿಳಿದವರು ರೆಕ್ಕೆಯ ಗರಿಗಳನ್ನು ದಾರದಿಂದ ಕಟ್ಟಲು ಹೇಳುತ್ತಾರೆ. ಜೋಡಿಯು ಗೂಡಿಗೆ ಹೊಂದಿಕೊಂಡು ಮೊಟ್ಟೆಯಿಟ್ಟ ಮೇಲೆ ಕಟ್ಟು ಬಿಚ್ಚಲ್ಪಡುತ್ತದೆ. ಹಕ್ಕಿಯು ತೆಂಗಿನ ತಲೆಗಳ ಮೇಲೆ ಸುತ್ತಿ ಮರಳಿ ಬರುತ್ತದೆ. "ನೋಡಿರಿ, ನನ್ನ ಮೇಲೆ ಎಷ್ಟು ಪ್ರೀತಿ!" ಎಂದು ಬಾಲಕನು ಹಿಗ್ಗುತ್ತಾನೆ.

ಭ್ರಾಂತಿಯಿರುವುದು ಇಲ್ಲಿಯೇ. ಪಾರಿವಾಳವು ಮರಳುವುದು ತನ್ನ ಜೊತೆಗಾತಿಗೆ, ತನ್ನ ಮೊಟ್ಟೆಗಳಿಗೆ. ಅದು ಸಾಮಾನ್ಯವಾಗಿ ಇಡುವುದು ಎರಡೇ ಮೊಟ್ಟೆ. ಸುಮಾರು 18 ದಿನಗಳ ಕಾವಿನಲ್ಲಿ ಹಗಲಿನ ಬಹುಭಾಗ ಗಂಡೂ, ಇರುಳು ಹೆಣ್ಣೂ ಕುಳಿತಿರುತ್ತವೆ. ಮರಿಗಳಿಗೆ ತಾಯಿತಂದೆಗಳೆರಡೂ ಗಂಟಲಚೀಲದಲ್ಲಿ ಹುಟ್ಟುವ ಹಾಲಿನಂತಹ ದ್ರವವನ್ನು ಉಣಿಸುತ್ತವೆ. ಸೂರ್ಯನನ್ನೂ ಭೂಮಿಯ ಕಾಂತಶಕ್ತಿಯನ್ನೂ ಗಾಳಿಯ ವಾಸನೆಯನ್ನೂ ಗುರುತಾಗಿಟ್ಟುಕೊಂಡು ದೂರದಿಂದ ಮನೆ ಸೇರುವ ಅದರ ಬಲವೆಲ್ಲ ಈ ಸಂಸಾರಕ್ಕೆ ಮೀಸಲು. ಪಂದ್ಯದ ಹಕ್ಕಿ ಸಾಕುವವರಲ್ಲಿ ಕೆಲವರು ಇದನ್ನು ಬಲ್ಲರು. ಅವರು ಜೋಡಿಯನ್ನು ಅಗಲಿಸಿಟ್ಟು, ಪಂದ್ಯಕ್ಕೆ ಮುನ್ನ ಕ್ಷಣಕಾಲ ಒಂದನ್ನೊಂದು ಕಾಣಗೊಟ್ಟು, ಬಳಿಕ ದೂರ ಒಯ್ದು ಬಿಡುತ್ತಾರೆ. ಅಗಲಿಕೆಯೇ ಅಲ್ಲಿ ಚಾವಟಿಯಾಗುತ್ತದೆ.

ಭಾಗವತದ ಅವಧೂತನು ತನ್ನ 24 ಗುರುಗಳಲ್ಲಿ ಕಪೋತವನ್ನೂ ಎಣಿಸಿದನು. ಮಡದಿಮಕ್ಕಳು ಬಲೆಯಲ್ಲಿ ಬಿದ್ದುದನ್ನು ಕಂಡ ಆ ಪಕ್ಷಿ ತಾನೂ ಬಲೆಗೆ ಬಿದ್ದಿತು. ಅತಿಮೋಹವು ಕೆಡಿಸುವುದೆಂಬುದು ಅಲ್ಲಿಯ ಪಾಠ. ಹಕ್ಕಿಯ ಮೋಹವನ್ನು ದೂಷಿಸುವುದು ಸುಲಭ. ಆ ಮೋಹವನ್ನೇ ನೂಲಾಗಿಸಿ ಬಲೆ ಹೆಣೆದವನ ಹೊಣೆಯನ್ನು ಯಾರು ಹೊರಬೇಕು? ಕಾಗೆಯೂ ಕೋಳಿಯೂ ದೊರೆತುದನ್ನು ತಮ್ಮ ಬಳಗದೊಡನೆ ಹಂಚಿಕೊಳ್ಳುವುದನ್ನು ತೋರಿಸಿ ಬಸವಣ್ಣನವರು ಮನುಷ್ಯನಿಗೆ ಬುದ್ಧಿ ಹೇಳಿದರು. ಹಕ್ಕಿಯ ಬಳಗಪ್ರೇಮವು ಕಲಿಯತಕ್ಕ ಗುಣವೇ ಹೊರತು ಬಳಸಿಕೊಳ್ಳತಕ್ಕ ದೌರ್ಬಲ್ಯವಲ್ಲ.

ಹಾಗಾದರೆ ಎಲ್ಲ ಗೂಡುಗಳನ್ನೂ ಬರಿದುಮಾಡಬೇಕೇ ಎಂದು ಕೇಳಬಹುದು. ತಲೆಮಾರುಗಳಿಂದ ಮನುಷ್ಯನ ಕೈಯ ಕಾಳನ್ನೇ ತಿಂದ ಹಕ್ಕಿಯನ್ನು ಹೊರದಬ್ಬಿದರೆ ಅದು ಗಿಡುಗನಿಗೋ ಬೆಕ್ಕಿಗೋ ತುತ್ತಾಗುವುದು. ಅದು ಬಿಡುಗಡೆಯಲ್ಲ; ಹೊಣೆಯಿಂದ ನುಣುಚಿಕೊಳ್ಳುವ ಉಪಾಯ. ಸಾಕುವುದಾದರೆ ಅದರ ಕಷ್ಟವನ್ನೂ ಒಪ್ಪಬೇಕು. ಕರಾವಳಿಯ ಮಳೆಗಾಲದಲ್ಲಿ ಗೂಡು ಒಣಗಿರಬೇಕು, ಕಾಳು ಮುಗ್ಗಬಾರದು, ಕುಡಿಯಲೂ ಮೀಯಲೂ ಶುದ್ಧವಾದ ನೀರಿರಬೇಕು. ಪ್ರಾಣಿಯು ಮೈಚಾಚಲಾಗದಷ್ಟು ಇಕ್ಕಟ್ಟಾದ ಪಂಜರವು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯಂತೆ ಅಪರಾಧವೂ ಆಗಿದೆ. ಹಿಕ್ಕೆಯ ಧೂಳು ಮನುಷ್ಯನ ಶ್ವಾಸಕೋಶವನ್ನು ಕೆಡಿಸಬಲ್ಲುದಾದುದರಿಂದ ನೆರೆಯವರ ಹಿತವೂ ಸಾಕುವವನ ಧರ್ಮಕ್ಕೆ ಸೇರಿದುದೇ.

ಕುಂದಾಪುರದ ಸೀಮೆಯಿಂದ ಹೋಗಿ ನೆಲೆಸಿದವರು ಬಹಳವಾಗಿರುವ ಮುಂಬಯಿಯಲ್ಲಿ ಈ ಮಾತು ದೊಡ್ಡ ವಿವಾದವಾಯಿತು. 2025ರಲ್ಲಿ ದಾದರಿನ ಕಬೂತರಖಾನೆಯನ್ನು ನಗರಪಾಲಿಕೆ ಮುಚ್ಚಿದಾಗ, ಕಾಳು ಹಾಕುವುದು ಪುಣ್ಯವೆಂದು ಒಂದು ಪಕ್ಷ, ಉಸಿರಾಟಕ್ಕೆ ಕೇಡೆಂದು ಇನ್ನೊಂದು ಪಕ್ಷ ನಿಂತವು. ಕಾಳೆರಚಿ ನಡೆದುಬಿಡುವವನು ತನ್ನ ದಾನದ ಫಲವನ್ನು ನೋಡಲು ಅಲ್ಲಿ ನಿಲ್ಲುವುದಿಲ್ಲ. ಗೂಡನ್ನು ದಿನವೂ ಗುಡಿಸುವವನ ದಯೆ ಅದಕ್ಕಿಂತ ಕಿರಿದಾಗಿ ಕಂಡರೂ ಹೆಚ್ಚು ಸತ್ಯವಾದುದು.

ಆದುದರಿಂದ ತೆಕ್ಕಟ್ಟೆಯ ಬಾಲಕನಿಗೆ ಹೇಳತಕ್ಕದ್ದು ಇಷ್ಟೇ: ನೋಡಿಕೊಳ್ಳಬಲ್ಲಷ್ಟನ್ನೇ ಸಾಕು; ಜೋಡಿಯನ್ನು ಅಗಲಿಸಬೇಡ; ಹಕ್ಕಿ ಹೊಂದಿಕೊಂಡ ಮೇಲೆ ಬಾಗಿಲನ್ನು ಹಗಲೆಲ್ಲ ತೆರೆದಿಡು. ಒಂದು ಸಂಜೆ ಅದು ಮರಳದಿದ್ದರೆ ಕೃತಘ್ನನೆಂದು ಬಯ್ಯಬೇಡ. ಅದು ನಿನಗೆ ಯಾವ ಮಾತನ್ನೂ ಕೊಟ್ಟಿರಲಿಲ್ಲ.