ಕುಂಡದ ಬಳ್ಳಿ

ಬಳ್ಳಿಯನ್ನು ಕುಂಡದಲ್ಲಿ ಬೆಳೆಸುವುದು ನ್ಯಾಯವೇ ಎಂದು ಕೇಳಿದರೆ ನೀವು ನಗಬಹುದು. ಮನುಷ್ಯರ ವ್ಯಾಜ್ಯಗಳೇ ತೀರ್ಮಾನವಾಗದೆ ಬಿದ್ದಿರುವಾಗ ಬಳ್ಳಿಯ ದಾವೆ ಕೇಳುವವರು ಯಾರು? ಆದರೂ ಪ್ರಶ್ನೆ ಅಷ್ಟು ಹಗುರವಾದದ್ದಲ್ಲ. ತುಳಸಿ, ಗುಲಾಬಿ, ದಾಸವಾಳಗಳು ಇದ್ದಲ್ಲೇ ನಿಂತು ಬೆಳೆಯುವ ಗಿಡಗಳು. ಕುಂಡದಲ್ಲಿಟ್ಟರೂ ಅವುಗಳ ಸ್ವಭಾವ ತೀರ ಕೆಡುವುದಿಲ್ಲ. ಬಳ್ಳಿಗೆ ಹಬ್ಬುವುದೇ ಬದುಕು. ಅಂಥದ್ದನ್ನು ತಂದು ಒಂದೂವರೆ ಅಡಿ ಮಣ್ಣಿನಲ್ಲಿ ಕೂರಿಸಿ ‘ನಿನ್ನ ಲೋಕ ಇಷ್ಟೇ’ ಅನ್ನುವುದಕ್ಕೆ ನಮಗೇನು ಅಧಿಕಾರ?

ನಾನು ಹೇಳುತ್ತಿರುವುದು ಹನಿಸಕಲ್ ಬಳ್ಳಿಯ ವಿಷಯ. ನಮ್ಮಲ್ಲಿ ಕೆಲವರು ಈ ಹೆಸರನ್ನು ರಂಗೂನ್ ಬಳ್ಳಿಗೂ ಅಂಟಿಸುತ್ತಾರೆ. ಅದು ಬೇರೆ, ಸಂಜೆ ಬೆಳ್ಳಗೆ ಅರಳಿ, ಮರುದಿನ ಗುಲಾಬಿ ಬಣ್ಣಕ್ಕೆ ತಿರುಗಿ, ಆಮೇಲೆ ಕೆಂಪಾಗುವ ಹೂವಿನದು. ನನ್ನ ಬಾಲ್ಕನಿಯಲ್ಲಿರುವುದು ಜಪಾನು, ಚೀನಾಗಳ ಕಡೆಯಿಂದ ಬಂದ ಹನಿಸಕಲ್. ಇದರ ಹೂವೂ ಬೆಳ್ಳಗೆ ಅರಳುತ್ತದೆ, ಬಾಡುವ ಮುಂಚೆ ಹಳದಿಯಾಗುತ್ತದೆ. ಒಂದೇ ಬಳ್ಳಿಯಲ್ಲಿ ಎರಡೂ ಬಣ್ಣ ಕಾಣುವುದರಿಂದ ಚೀನೀಯರು ಇದನ್ನು ಚಿನ್ನ-ಬೆಳ್ಳಿಯ ಹೂ ಎಂದು ಕರೆಯುತ್ತಾರೆ. ಕತ್ತಲಾಗುತ್ತಿದ್ದಂತೆ ಇದರ ಪರಿಮಳ ಏರುತ್ತದೆ. ಅದು ಇರುಳಲ್ಲಿ ಹಾರುವ ಪತಂಗಗಳಿಗೆ ಕೊಟ್ಟ ಕರೆ. ಕುರ್ಚಿ ಹಾಕಿಕೊಂಡು ಕೂತ ನಾವು ಕರೆಯದೆ ಬಂದ ನೆಂಟರು.

ಹಬ್ಬುವುದು ಬಳ್ಳಿಯ ಹಕ್ಕು ಎಂದು ವಾದಿಸುವವರು ಇದೇ ಬಳ್ಳಿಯ ಇನ್ನೊಂದು ಕತೆಯನ್ನೂ ಕೇಳಬೇಕು. 1806ರಲ್ಲಿ ಇದನ್ನು ಅಲಂಕಾರಕ್ಕೆಂದು ಅಮೆರಿಕಕ್ಕೆ, ನ್ಯೂಯಾರ್ಕಿನ ಲಾಂಗ್ ಐಲೆಂಡಿಗೆ ಒಯ್ದರು. ಮಣ್ಣಿನ ಸವಕಳಿ ತಡೆಯಲೆಂದು ಮುಂದೆ ಕಂಡಕಂಡಲ್ಲಿ ನೆಟ್ಟರು. ಅದರ ಕಪ್ಪು ಹಣ್ಣನ್ನು ತಿಂದ ಹಕ್ಕಿಗಳು ಬೀಜವನ್ನು ದೂರದೂರಕ್ಕೆ ಹರಡಿದವು. ನೆಲ ಮುಟ್ಟಿದ ಗೆಣ್ಣುಗಳೆಲ್ಲ ಬೇರು ಬಿಟ್ಟವು. ಈಗ ಆ ದೇಶದ ಪೂರ್ವಭಾಗದ ಕಾಡುಗಳಲ್ಲಿ ಇದು ಎಳೆಮರಗಳಿಗೆ ಸುತ್ತಿಕೊಂಡು ಉಸಿರು ಕಟ್ಟಿಸುವ ಕಳೆ. ನಮ್ಮ ಬಂಡೀಪುರದಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಲಂಟಾನ ಮಾಡಿರುವುದೂ ಇದನ್ನೇ. ಅದೂ ಒಂದು ಕಾಲಕ್ಕೆ ಹೂವಿನ ಚಂದಕ್ಕೆಂದು ತೋಟಕ್ಕೆ ಬಂದದ್ದು. ಇದನ್ನೆಲ್ಲ ನೋಡಿದರೆ ಎಲ್ಲೆ ಇರುವುದೇ ಅನ್ಯಾಯ ಎನ್ನಲಾಗುವುದಿಲ್ಲ. ನಮ್ಮಲ್ಲಿ ಯಾರೂ ಎಲ್ಲೆಯಿಲ್ಲದೆ ಬದುಕಿಲ್ಲ. ನನ್ನ ಬಳ್ಳಿಗೆ ಕುಂಡ ಇದ್ದಂತೆ ನನಗೆ ಎರಡು ಕೋಣೆಯ ಈ ಮನೆ.

ಹಾಗಾದರೆ ತಕರಾರು ಎಲ್ಲಿದೆ? ಅದನ್ನು ನನಗೆ ಒಂದೇ ಮಾತಿನಲ್ಲಿ ತೋರಿಸಿಕೊಟ್ಟವರು ನಮ್ಮಮ್ಮ. ಮಲೆನಾಡಿನ ಹಳ್ಳಿಯಲ್ಲಿ ಎಪ್ಪತ್ತೆಂಟು ವರ್ಷ ಇದ್ದು, ಅಪ್ಪ ಹೋದ ಮೇಲೆ ಬೆಂಗಳೂರಿಗೆ, ಈ ಮೂರನೆಯ ಮಹಡಿಗೆ ಬಂದವರು. ಒಂದು ಬೇಸಿಗೆಯ ಸಂಜೆ ನಾನು, ‘ಬೆಳಿಗ್ಗೆ ಹಾಕಿದ ನೀರೇ ಸಾಕಲ್ಲಮ್ಮ, ಮತ್ತೆ ಯಾಕೆ?’ ಎಂದೆ. ಅವರು ಚೊಂಬನ್ನು ಇಳಿಸದೆಯೇ ಹೇಳಿದರು: ‘ನೆಲದಲ್ಲಿರೋದಾದ್ರೆ ನೀರನ್ನ ತಾನೇ ಹುಡುಕ್ಕೊಳ್ತದೆ. ಇದು ಹುಡುಕ್ಕೊಂಡು ಎಲ್ಲಿಗೆ ಹೋಗ್ಬೇಕು ಮಾರಾಯ?’

ಕುಂಡಕ್ಕೂ ನೆಲಕ್ಕೂ ಇರುವ ವ್ಯತ್ಯಾಸ ಜಾಗದ್ದೆಂದು ನಾವು ತಿಳಿದಿರುತ್ತೇವೆ. ನಿಜವಾಗಿ ಅದು ಹುಡುಕುವ ಶಕ್ತಿಯದು. ನೆಲದ ಬಳ್ಳಿ ಒಂದು ಕಡೆ ತೇವ ಆರಿದರೆ ಇನ್ನೊಂದು ಕಡೆಗೆ ಬೇರು ಚಾಚುತ್ತದೆ. ಕುಂಡದ ಬಳ್ಳಿ ಕಾಯುತ್ತದೆ, ಅಷ್ಟೇ. ಮಣ್ಣಿನ ಕುಂಡವಾದರೆ ಮೈಯಿಂದಲೇ ತೇವ ಆರಿ ಇನ್ನೂ ಬೇಗ ಒಣಗುತ್ತದೆ. ತಳದ ತೂತು ಕಟ್ಟಿಕೊಂಡರೆ ನೀರು ನಿಂತು ಬೇರು ಕೊಳೆಯುತ್ತದೆ. ಪ್ರೀತಿ ಉಕ್ಕಿ ಗೊಬ್ಬರ ಸುರಿದರೆ ಎಲೆ ಸೊಕ್ಕುತ್ತದೆ, ಹೂ ಬರುವುದಿಲ್ಲ. ಅದಕ್ಕೆ ಬರುವ ಕಷ್ಟ, ಸುಖ, ಬಾಯಾರಿಕೆ ಎಲ್ಲವೂ ನಮ್ಮ ಕೈಯಿಂದಲೇ ಬರಬೇಕು. ಒಂದು ಜೀವದ ಹುಡುಕುವ ಶಕ್ತಿಯನ್ನು ನಾವು ತೆಗೆದುಕೊಂಡೆವೋ, ಅದರ ಪರವಾಗಿ ಹುಡುಕುವ ಹೊಣೆಯೂ ಆ ಕ್ಷಣವೇ ನಮ್ಮ ಹೆಗಲಿಗೆ ಬಂತು. ಎಲ್ಲೆ ಹಾಕಿದವನು ಆ ಹೊಣೆ ಹೊರದಿದ್ದರೆ ಅಲ್ಲಿಂದ ಅನ್ಯಾಯ ಶುರು.

ನಮ್ಮ ಭಾಷೆ ಇದನ್ನು ಎಂದೋ ಕಂಡುಕೊಂಡಿದೆ ಅನ್ನಿಸುತ್ತದೆ. ಪೋಷಿಸುವುದಕ್ಕೂ ‘ಸಾಕು’ ಅನ್ನುತ್ತೇವೆ, ಇನ್ನು ಬೇಡ ಎನ್ನುವುದಕ್ಕೂ ‘ಸಾಕು’ ಅನ್ನುತ್ತೇವೆ. ಎರಡು ಪದಗಳ ಮೂಲ ಒಂದೇ ಹೌದೋ ಅಲ್ಲವೋ, ಪಂಡಿತರು ಹೇಳಲಿ. ಸಾಕುವವನಿಗೆ ಎಲ್ಲಿ ಸಾಕು ಎಂಬುದು ತಿಳಿದಿರಬೇಕು ಎಂಬಷ್ಟು ಅರ್ಥ ನನಗೆ ಸಾಕು. ಎಷ್ಟು ಕುಂಡಕ್ಕೆ ನೀರು ಹಾಕಬಲ್ಲೆವೋ ಅಷ್ಟನ್ನೇ ಇಟ್ಟುಕೊಳ್ಳಬೇಕು. ಮಾರ್ಚಿಯಿಂದ ಮೇವರೆಗೆ ಒಂದು ದಿನವೂ ತಪ್ಪುವಂತಿಲ್ಲ ಎಂಬುದನ್ನು ಹೂ ನೋಡಿ ಮರುಳಾಗುವ ಮೊದಲೇ ಲೆಕ್ಕ ಹಾಕಿರಬೇಕು.

ನೀರೊಂದೇ ಸಾಲದು ಎಂಬುದು ಇನ್ನೂ ಕಷ್ಟದ ಪಾಠ. ಎರಡು ಮೂರು ವರ್ಷಕ್ಕೊಮ್ಮೆ ಬಳ್ಳಿಯನ್ನು ಕುಂಡದಿಂದ ಎಬ್ಬಿಸಬೇಕು. ಎಬ್ಬಿಸಿ ನೋಡಿದರೆ ಬೇರುಗಳು ಗೋಡೆಗುಂಟ ಸುತ್ತು ಹಾಕುತ್ತಾ ಕುಂಡದ ಆಕಾರವನ್ನೇ ತಾಳಿರುತ್ತವೆ. ಮೇಲೆ ಹಸಿರು ಚೆನ್ನಾಗಿಯೇ ಇರುತ್ತದೆ; ಕೇಳಿದರೆ ಎಲ್ಲರೂ ‘ಏನೂ ಕೊರತೆಯಿಲ್ಲ’ ಅನ್ನುತ್ತಾರೆ. ಸುತ್ತಿದ ಬೇರನ್ನು ಬಿಡಿಸಿ, ಸ್ವಲ್ಪ ಕತ್ತರಿಸಿ, ಹೊಸ ಮಣ್ಣು ಕೊಡದಿದ್ದರೆ ಆ ಹಸಿರು ಬಹಳ ದಿನ ನಿಲ್ಲುವುದಿಲ್ಲ.

ನಮ್ಮಮ್ಮನಿಗೂ ಇಲ್ಲಿ ಏನೂ ಕೊರತೆಯಿಲ್ಲ. ಹೊತ್ತಿಗೆ ಸರಿಯಾಗಿ ಊಟ, ಮಾತ್ರೆ, ಸಂಜೆ ಮೊಮ್ಮಕ್ಕಳು. ಮಳೆಗಾಲದ ಎರಡು ತಿಂಗಳು ಮಾತ್ರ ಅವರು ಊರಿಗೆ ಹೋಗಲೇಬೇಕು. ಹೋಗಿ ಸೋರುವ ಹಂಚಿನ ಕೆಳಗೆ ಪಾತ್ರೆ ಇಡುತ್ತಾ, ಪಕ್ಕದ ಮನೆಯವರ ಜೊತೆ ಜಗಳವಾಡುತ್ತಾ ಇದ್ದು ಬರುತ್ತಾರೆ. ಆ ಮನೆಯನ್ನು ಮಾರಿಬಿಡೋಣ ಎಂದು ತಮ್ಮ ಹೇಳುತ್ತಿದ್ದಾನೆ. ಅವನ ಲೆಕ್ಕದಲ್ಲಿ ತಪ್ಪಿಲ್ಲ: ವರ್ಷದಲ್ಲಿ ಹತ್ತು ತಿಂಗಳು ಬೀಗ ಹಾಕಿರುವ ಮನೆ, ದುರಸ್ತಿಯ ಖರ್ಚು, ಒಳ್ಳೆಯ ಬೆಲೆ ಕೊಡುವವರು ಬಾಗಿಲಿಗೇ ಬಂದಿದ್ದಾರೆ. ಅಮ್ಮನನ್ನು ಕೇಳಿದರೆ, ‘ನಿಮಗೆ ಹೇಗೆ ಅನುಕೂಲವೋ ಹಾಗೆ ಮಾಡಿ’ ಅನ್ನುತ್ತಾರೆ. ಕಾಯುವುದನ್ನು ಕಲಿತವರ ಮಾತು ಅದು. ಅದನ್ನು ಒಪ್ಪಿಗೆ ಎಂದು ಹಿಡಿಯಲು ನನಗೆ ಮನಸ್ಸಿಲ್ಲ. ಅವರು ಇರುವವರೆಗೆ ಆ ಮನೆ ಇರಲಿ, ಹಂಚು ಹೊದಿಸುವ ಖರ್ಚು ನನ್ನದು ಎಂದು ತಮ್ಮನಿಗೆ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.